ಗೋವಾದಲ್ಲಿ ಏನು ಕಂಡರೂ ‘ಇದು ಮೊದಲು ಎಲ್ಲಿತ್ತು?’ ಅಂತ ಕೇಳಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಕಾರಿನಲ್ಲಿ ಮೂರು ದಿನದ ಮಟ್ಟಿಗೆ ಗೋವಾಕ್ಕೆ ಹೊರಟಿದ್ದೇವೆ. ಜೊತೆಗೆ ಅಪ್ಪ, ಅಮ್ಮ ಮತ್ತು ಏಳನೇ ಕ್ಲಾಸಿನ ಮಗಳು ಇರುತ್ತಾರೆ. ಹಿಂದೆ ಗೆಳೆಯರ ಜೊತೆ ಹೋದಾಗ ಬೀಚು, ಒಂದು ಚರ್ಚು, ಬೋಟಿಂಗ್ ಅಂತ ಮುಗಿಸಿ ಬಂದಿದ್ದೆ. ಈ ಸಲ ಮಗಳು ‘ಅಲ್ಲಿ ಅಂಥದ್ದೇನಿದೆ?’ ಅಂತ ಈಗಲೇ ಶುರು ಮಾಡಿದ್ದಾಳೆ. ಎಲ್ಲರೂ ಹೋಗುವ ಜಾಗಗಳ ಬಗ್ಗೆಯೇ ಯಾರೂ ಹೇಳದ ಸ್ವಾರಸ್ಯಗಳಿದ್ದರೆ ತಿಳಿಸಿ ಸರ್.

ಉತ್ತರ:

ನಿಮ್ಮ ಮಗಳಿಗೆ ಒಂದೇ ಒಂದು ಪ್ರಶ್ನೆ ಹೇಳಿಕೊಡಿ. ಗೋವಾದಲ್ಲಿ ಏನೇ ಕಂಡರೂ ‘ಇದು ಮೊದಲು ಎಲ್ಲಿತ್ತು?’ ಅಂತ ಕೇಳಲಿ. ಆ ನಾಡಿನಲ್ಲಿ ಹುಟ್ಟಿದ ಜಾಗದಲ್ಲೇ ಉಳಿದಿರುವುದು ಬಹಳ ಕಡಿಮೆ. ರಾಜಧಾನಿ ನಾಲ್ಕು ಊರು ಸುತ್ತಿದೆ. ದೇವರು ರಾತ್ರೋರಾತ್ರಿ ನದಿ ದಾಟಿದ್ದಾರೆ. ಒಂದು ಗಂಟೆ ಚರ್ಚಿನಿಂದ ಕೋಟೆಗೆ ಹೋಗಿ, ಕೋಟೆಯಿಂದ ಇನ್ನೊಂದು ಚರ್ಚಿಗೆ ಬಂದಿದೆ. ಬೀಚಿನ ಮರಳು ಕೂಡ ಮಳೆಗಾಲದಲ್ಲಿ ಹೋಗಿ ಆಮೇಲೆ ವಾಪಸ್ ಬರುತ್ತದೆ. ನಮಗೆ ಇನ್ನೊಂದು ಮಜಾ ಇದೆ. ಈ ಪ್ರಶ್ನೆಯ ಉತ್ತರ ಎಷ್ಟೋ ಸಲ ಘಟ್ಟದ ಮೇಲಿನ ನಮ್ಮ ಊರುಗಳಿಗೇ ಬಂದು ನಿಲ್ಲುತ್ತದೆ.

ಪಣಜಿಯ ಬಸ್‌ಸ್ಟ್ಯಾಂಡಿನಿಂದಲೇ ಶುರು ಮಾಡಬಹುದು. ಅಲ್ಲಿನ ಸರಕಾರಿ ಬಸ್ಸುಗಳ ಮೇಲೆ ‘ಕದಂಬ’ ಅಂತ ಬರೆದಿರುತ್ತದೆ. ಅದು ಸಾರಿಗೆ ನಿಗಮದ ಹೆಸರು. ಬನವಾಸಿ ಅಂದ ಕೂಡಲೇ ನಮಗೆ ನೆನಪಾಗುವ ಅದೇ ಕದಂಬರ ಒಂದು ಕವಲು ಗೋವೆಯನ್ನು ಆಳಿತು, ಇನ್ನೊಂದು ಹಾನಗಲ್ಲಿನಲ್ಲಿತ್ತು. ಗೋವೆಯ ಕದಂಬರು ಮೊದಲು ಇದ್ದದ್ದು ಚಂದ್ರಪುರದಲ್ಲಿ, ಅಂದರೆ ಈಗಿನ ಚಾಂದೋರ್. 11ನೇ ಶತಮಾನದಲ್ಲಿ ಅವರು ಜುವಾರಿ ನದಿಯ ದಂಡೆಯ ಗೋಪಕಪಟ್ಟಣಕ್ಕೆ ಬಂದರು. ಆ ಬಂದರಿನಲ್ಲಿ ಹೂಳು ತುಂಬಿತು. ಆಮೇಲೆ ವ್ಯಾಪಾರವೆಲ್ಲ ಮಾಂಡವಿ ನದಿಯ ಕಡೆಗೆ ಸರಿಯಿತು. ಅಲ್ಲಿ ಬೆಳೆದ ಊರೇ ಇವತ್ತು ಎಲ್ಲರೂ ನೋಡುವ ಓಲ್ಡ್ ಗೋವಾ. ಅಲ್ಲಿಂದ ಮುಂದೆ ಪಣಜಿ.

ಇಲ್ಲೊಂದು ಎಚ್ಚರಿಕೆ. ಗೋಪಕಪಟ್ಟಣ ಇದ್ದ ಜಾಗವನ್ನು ಈಗ ‘ಗೋವಾ ವೆಲ್ಯಾ’ ಅನ್ನುತ್ತಾರೆ. ಚರ್ಚುಗಳಿರುವ ಓಲ್ಡ್ ಗೋವಾಕ್ಕೆ ‘ವೆಲ್ಯಾ ಗೋವಾ’ ಅಂತಲೂ ಹೆಸರಿದೆ. ಮ್ಯಾಪಿನಲ್ಲಿ ಅವಸರದಲ್ಲಿ ಒತ್ತಿ, ಚರ್ಚು ಹುಡುಕುತ್ತಾ ಮಡಗಾಂವ್ ರಸ್ತೆಯಲ್ಲಿ ನಿಂತವರು ಬೇಕಾದಷ್ಟು ಜನ ಇದ್ದಾರೆ. ನಿಮಗೆ ಬೇಕಾದದ್ದು ಪಣಜಿಯಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿದೆ.

ಆ ದಾರಿಯೂ ನೋಡುವಂಥದ್ದೇ. ಪಣಜಿಯಿಂದ ರಾಯಬಂದರ್‌ವರೆಗೆ ಎಡಗಡೆ ಮಾಂಡವಿ, ಬಲಗಡೆ ಉಪ್ಪಿನಗದ್ದೆ, ನಡುವೆ ಮೂರು ಕಿ.ಮೀ. ಉದ್ದದ ನೇರ ರಸ್ತೆ. ಅದು ಅಸಲಿಗೆ 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಸೇತುವೆ. ಇವತ್ತಿಗೂ ಅದರ ಮೇಲೆ ಕಾರು, ಬಸ್ಸು ಓಡಾಡುತ್ತಿವೆ. ಯಾರೂ ಗಾಡಿ ನಿಲ್ಲಿಸಿ ಇದನ್ನು ತೋರಿಸುವುದಿಲ್ಲ.

ಓಲ್ಡ್ ಗೋವಾದಲ್ಲಿ ಎಲ್ಲರೂ ಮೊದಲು ಹೋಗುವುದು ಬಾಮ್ ಜೀಸಸ್ ಬೆಸಿಲಿಕಾಕ್ಕೆ. ಕಟ್ಟಲು ಶುರುವಾದದ್ದು 1594ರಲ್ಲಿ, ಪ್ರತಿಷ್ಠೆ ಆದದ್ದು 1605ರಲ್ಲಿ. ಒಳಗೆ ನುಗ್ಗುವ ಮೊದಲು ಹೊರಗಿನ ಗೋಡೆಯ ಹತ್ತಿರ ಹೋಗಿ ನಿಲ್ಲಿ. ಕೆಂಪು ಕಲ್ಲು, ತುಂಬಾ ತೂತು, ಅಲ್ಲಲ್ಲಿ ಉದುರಿದ ಪುಡಿ. ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಅದೇ ಚಿರೆಕಲ್ಲು. ಫೋಟೊದಲ್ಲಿ ಎಲ್ಲರೂ ಮೆಚ್ಚುವ ಈ ಕೆಂಪು ಬಣ್ಣ ಕಟ್ಟಿದವರು ಬಯಸಿದ್ದಲ್ಲ. ಸುತ್ತಲಿನ ಬೇರೆ ಚರ್ಚುಗಳ ಹಾಗೆ ಇದಕ್ಕೂ ಸುಣ್ಣದ ಗಾರೆಯ ಹೊದಿಕೆ ಇತ್ತು. 1950ರ ದಶಕದಲ್ಲಿ, ಹಳೆಯ ಕಳೆ ಕಾಣಲಿ ಅಂತ ಅದನ್ನು ಕಿತ್ತು ತೆಗೆದರು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಗೋವಾದ ಮಳೆ ಗೊತ್ತಲ್ವಾ? ಅಂದಿನಿಂದ ಗೋಡೆ ಸವೆಯುತ್ತಲೇ ಇದೆ. ಮತ್ತೆ ಗಾರೆ ಮಾಡಬೇಕು ಅನ್ನುವವರಿಗೂ, ಜನರಿಗೆ ಪರಿಚಯ ಆಗಿರುವ ಈ ರೂಪ ಕೆಡಿಸಬೇಡಿ ಅನ್ನುವವರಿಗೂ ವಾದ ನಡೆದೇ ಇದೆ. ನನ್ನನ್ನು ಕೇಳಿದರೆ ಗಾರೆಯೇ ಸರಿ. ಬರೀ ಫೋಟೊ ಚೆನ್ನಾಗಿ ಬರುತ್ತದೆ ಅಂತ ನಾನೂರು ವರ್ಷದ ಗೋಡೆಯನ್ನು ಮಳೆಗೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ.

ಅದೇ ಮುಂಭಾಗದಲ್ಲಿ ಕಂಬಗಳು ಮತ್ತು ಕೆತ್ತನೆಯ ಭಾಗ ಮಾತ್ರ ಬೇರೆ ಬಣ್ಣದ, ನುಣುಪಾದ ಕಲ್ಲಿನಲ್ಲಿವೆ. ಚಿರೆಕಲ್ಲಿನಲ್ಲಿ ಅಷ್ಟು ಸಣ್ಣ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಮುಂಬೈ ಹತ್ತಿರದ ವಸಾಯಿಯಿಂದ ಕರಿಕಲ್ಲನ್ನು ಹಡಗಿನಲ್ಲಿ ತರಿಸಿದರು. ಆಗ ವಸಾಯಿಯೂ ಪೋರ್ಚುಗೀಸರದ್ದೇ.

ಒಳಗೆ ಬೆಳ್ಳಿಯ ಪೆಟ್ಟಿಗೆಯಲ್ಲಿ ಇರುವುದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ. ಮಗಳು ತನ್ನ ಪ್ರಶ್ನೆ ಕೇಳಬೇಕಾದ ಜಾಗ ಇದೇ. ಝೇವಿಯರ್ ಹುಟ್ಟಿದ್ದು 1506ರಲ್ಲಿ, ಈಗಿನ ಸ್ಪೇನಿನಲ್ಲಿ. ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಅಲ್ಲೇ ಸುಣ್ಣ ಸುರಿದು ಹೂಳಿದ್ದರು. ಮಾರನೆಯ ವರ್ಷ ತೆಗೆದು ಮಲಾಕಾಕ್ಕೆ ಒಯ್ದರು. ಅಲ್ಲಿಂದ 1554ರಲ್ಲಿ ಗೋವಾಕ್ಕೆ ತಂದರು. ಅವರು ತೀರಿಕೊಂಡಾಗ ಈ ಬೆಸಿಲಿಕಾದ ಅಡಿಪಾಯವನ್ನೂ ಹಾಕಿರಲಿಲ್ಲ. ಮುಂದೆ 1614ರಲ್ಲಿ ಬಲಗೈಯ ಒಂದು ಭಾಗವನ್ನು ರೋಮ್‌ಗೆ ಕಳಿಸಿದರು. ಅದು ಇವತ್ತಿಗೂ ಅಲ್ಲಿದೆ. ಪೆಟ್ಟಿಗೆಯನ್ನು ಮಾಡಿದ್ದು ಗೋವಾದ ಅಕ್ಕಸಾಲಿಗರು. ಅದರ ಕೆಳಗಿನ ಅಮೃತಶಿಲೆಯ ಪೀಠ ಮಾತ್ರ ಇಟಲಿಯ ಫ್ಲಾರೆನ್ಸ್‌ನಲ್ಲಿ ತಯಾರಾಗಿ, ತುಂಡು ತುಂಡಾಗಿ ಹಡಗಿನಲ್ಲಿ ಬಂದು, 1698ರಲ್ಲಿ ಇಲ್ಲಿ ಜೋಡಣೆಯಾಯಿತು. ಅದು ಟಸ್ಕನಿಯ ದೊರೆ ಮೂರನೇ ಕೋಸಿಮೊ ಕೊಟ್ಟ ಕಾಣಿಕೆ. ಸಂತರ ತಲೆದಿಂಬು ತನಗೆ ಸಿಕ್ಕಿತು ಅನ್ನುವ ಸಂತೋಷಕ್ಕೆ ಇದನ್ನು ಕೊಟ್ಟನಂತೆ.

1683ರ ಕಥೆಯೊಂದಿದೆ. ಸಂಭಾಜಿಯ ಸೈನ್ಯ ಗೋವಾದ ಬಾಗಿಲಿಗೆ ಬಂದಿತ್ತು. ಪೋರ್ಚುಗೀಸ್ ವೈಸ್‌ರಾಯ್‌ಗೆ ಬೇರೆ ದಾರಿ ಕಾಣಲಿಲ್ಲ. ಬೆಸಿಲಿಕಾಕ್ಕೆ ಹೋಗಿ, ಸಮಾಧಿ ತೆಗೆಸಿ, ತನ್ನ ಅಧಿಕಾರದ ದಂಡವನ್ನು ಸಂತರ ಬಳಿ ಇಟ್ಟು ‘ಇನ್ನು ನೀವೇ ಕಾಪಾಡಿ’ ಅಂದ. ಅಷ್ಟರಲ್ಲಿ ಮೊಗಲರ ಸೈನ್ಯ ಇತ್ತ ಹೊರಟ ಸುದ್ದಿ ಬಂದು ಸಂಭಾಜಿ ಹಿಂದೆ ಸರಿದ. ಗೋವಾದ ಜನ ಅದನ್ನು ಸಂತರ ಲೆಕ್ಕಕ್ಕೇ ಬರೆದುಕೊಂಡರು.

ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಈ ಪೆಟ್ಟಿಗೆಯನ್ನು ಎದುರಿನ ಸೇ ಕೆಥೆಡ್ರಲ್‌ಗೆ ಒಯ್ದು ಜನರ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲದ ದರ್ಶನ 2024ರ ನವೆಂಬರ್‌ನಿಂದ 2025ರ ಜನವರಿವರೆಗೆ ನಡೆಯಿತು. ಸೇ ಕೆಥೆಡ್ರಲ್‌ನ ಮುಂದೆ ನಿಂತಾಗ ಏನೋ ಒಂದು ಕಡೆ ಖಾಲಿ ಅನ್ನಿಸುತ್ತದೆ. ಅದಕ್ಕೆ ಎರಡು ಗೋಪುರಗಳಿದ್ದವು. ಒಂದು 1776ರಲ್ಲಿ ಬಿತ್ತು. ಮತ್ತೆ ಕಟ್ಟಲೇ ಇಲ್ಲ.

ಅಲ್ಲಿಂದ ನದಿಯ ಕಡೆಗೆ ನಡೆದರೆ ವೈಸ್‌ರಾಯ್ ಕಮಾನು ಸಿಗುತ್ತದೆ. ನದಿಯ ಕಡೆ ವಾಸ್ಕೊ ಡ ಗಾಮಾನ ಮೂರ್ತಿ ಇದೆ. ಕಟ್ಟಿಸಿದವನು ಅವನ ಮರಿಮಗ. ಅವನೂ ವೈಸ್‌ರಾಯ್ ಆಗಿದ್ದ. ಎಲ್ಲರೂ ಈ ಕಡೆಯ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಕಮಾನು ದಾಟಿ ಹಿಂದಿರುಗಿ ನೋಡಿ. ಊರಿನ ಕಡೆಗೆ ಮುಖ ಮಾಡಿ ಒಬ್ಬ ಹೆಂಗಸು ಕತ್ತಿ ಹಿಡಿದು ನಿಂತಿದ್ದಾಳೆ. ಅವಳ ಕಾಲ ಕೆಳಗೆ ಒಬ್ಬ ಗಂಡಸು ಬಿದ್ದಿದ್ದಾನೆ. ಬಿದ್ದವನು ಬಿಜಾಪುರದವನು ಅನ್ನುತ್ತಾರೆ. ಯಾಕೆ ಅಂದರೆ 1510ರಲ್ಲಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಈ ಊರನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲಶಾಹಿಗಳಿಂದ. ಅಲ್ಬುಕರ್ಕ್‌ನನ್ನು ಕರೆದುಕೊಂಡು ಬಂದವನು ನಮ್ಮ ಹೊನ್ನಾವರ ಕಡೆಯ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ‘ತಿಮೋಜ’. ಹಡಗುಪಡೆ ಇಟ್ಟುಕೊಂಡಿದ್ದ ಅವನು ‘ಗೋವಾವನ್ನು ಹಿಡಿಯಲು ಇದೇ ಸಮಯ’ ಅಂತ ಅಲ್ಬುಕರ್ಕ್‌ಗೆ ದಾರಿ ತೋರಿಸಿದ. ಆ ವರ್ಷ ಒಮ್ಮೆ ಗೆದ್ದು, ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದರು. ಆ ದಿನ ಸಂತ ಕ್ಯಾಥರೀನಳ ಹಬ್ಬ. ಸೇ ಕೆಥೆಡ್ರಲ್ ಅವಳ ಹೆಸರಿನಲ್ಲೇ ಇದೆ.

ಹಾಗಾದರೆ ಆದಿಲಶಾಹಿಗಳ ಅರಮನೆ ಎಲ್ಲಿ? ಕಮಾನಿನಿಂದ ಎರಡು ಹೆಜ್ಜೆ ಮುಂದೆ, ಸೇಂಟ್ ಕೆಜೆಟನ್ ಚರ್ಚಿನ ಹತ್ತಿರ ಒಂದು ಒಂಟಿ ಬಾಗಿಲು ನಿಂತಿದೆ. ಎರಡು ಕರಿಕಲ್ಲಿನ ಕಂಬ, ಮೇಲೊಂದು ಅಡ್ಡಪಟ್ಟಿ. ಸುತ್ತ ಹುಲ್ಲು. ಉಳಿದದ್ದು ಅಷ್ಟೇ. ಕಂಬದ ಕೆತ್ತನೆ ನೋಡಿದರೆ ನಮ್ಮ ಕಡೆಯ ಯಾವುದೋ ಗುಡಿಯದ್ದು ಅನ್ನಿಸುತ್ತದೆ. ಪೋರ್ಚುಗೀಸ್ ವೈಸ್‌ರಾಯ್‌ಗಳು ಗೆದ್ದ ಮೇಲೆ ಇದೇ ಅರಮನೆಯಲ್ಲಿ 1695ರವರೆಗೂ ವಾಸ ಇದ್ದರು.

ಊರು ಖಾಲಿ ಆದದ್ದು ರೋಗದಿಂದ. ಮಲೇರಿಯಾ, ಕಾಲರಾ ಮೇಲಿಂದ ಮೇಲೆ ಬಂದವು. ಇದಕ್ಕೂ ಆ ಚಿರೆಕಲ್ಲೇ ಒಂದು ಕಾರಣ ಅನ್ನುತ್ತಾರೆ. ತೂತು ತೂತಾದ ಆ ನೆಲದಲ್ಲಿ ಊರಿನ ಕೊಳಚೆ ಇಂಗಿ ಕುಡಿಯುವ ಬಾವಿಗಳಿಗೆ ಸೇರುತ್ತಿತ್ತು. 1759ರಲ್ಲಿ ವೈಸ್‌ರಾಯ್ ಪಣಜಿಗೆ ಹೋದ. ಹೋಗಿ ಉಳಿದುಕೊಂಡದ್ದು ಎಲ್ಲಿ ಗೊತ್ತಾ? ಮಾಂಡವಿಯ ದಂಡೆಯಲ್ಲಿ ಆದಿಲಶಾಹಿಗಳೇ ಕಟ್ಟಿಸಿದ್ದ ಇನ್ನೊಂದು ಅರಮನೆಯಲ್ಲಿ! ಅದು ಆಮೇಲೆ ಸೆಕ್ರೆಟೇರಿಯಟ್ ಆಯಿತು. 2000ನೇ ಇಸವಿಯವರೆಗೆ ಗೋವಾದ ವಿಧಾನಸಭೆ ಅಲ್ಲೇ ಕೂಡುತ್ತಿತ್ತು.

ಈಗ ಗಂಟೆಯ ವಿಚಾರ. ಓಲ್ಡ್ ಗೋವಾದ ಗುಡ್ಡದ ಮೇಲೆ ಸೇಂಟ್ ಆಗಸ್ಟೀನ್ ಚರ್ಚಿನ ಗೋಪುರದ ಅರ್ಧ ಭಾಗ ನಿಂತಿದೆ. 46 ಮೀಟರ್ ಎತ್ತರ. 1830ರ ದಶಕದಲ್ಲಿ ಸರಕಾರ ಸನ್ಯಾಸಿ ಮಠಗಳನ್ನೆಲ್ಲ ರದ್ದು ಮಾಡಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಗಂಟೆಯನ್ನು ಅದಕ್ಕೂ ಮೊದಲೇ ಆಗ್ವಾದ ಕೋಟೆಯ ಲೈಟ್‌ಹೌಸಿಗೆ ಒಯ್ದಿದ್ದರು. 1871ರಲ್ಲಿ ಅದು ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚಿಗೆ ಬಂತು. ಅಂಕುಡೊಂಕು ಬಿಳಿ ಮೆಟ್ಟಿಲುಗಳ ಮುಂದೆ ನಿಂತು ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರಲ್ಲ, ಅದೇ ಚರ್ಚು. ಸೆಲ್ಫಿ ಆದ ಮೇಲೆ ತಲೆ ಎತ್ತಿ ನೋಡಿ. ಮೇಲೆ ತೂಗುತ್ತಿರುವುದು ಆ ಪಾಳುಬಿದ್ದ ಗೋಪುರದ ಗಂಟೆ.

ಆಗಸ್ಟೀನ್ ಪಾಳಿನಲ್ಲಿ ಇನ್ನೊಂದು ವಿಶೇಷ ಇದೆ. ಜಾರ್ಜಿಯಾ ದೇಶದ ರಾಣಿ ಕೆಟೆವಾನ್‌ಳನ್ನು 1624ರಲ್ಲಿ ಪರ್ಷಿಯಾದಲ್ಲಿ ಕೊಂದರು. ಅವಳ ಅಸ್ಥಿಯನ್ನು ಪಾದ್ರಿಗಳು ಗುಟ್ಟಾಗಿ ಇಲ್ಲಿಗೆ ತಂದಿಟ್ಟಿದ್ದರು. ಚರ್ಚು ಬಿದ್ದ ಮೇಲೆ ಅದು ಮಣ್ಣಿನಡಿ ಸೇರಿತು. ಪುರಾತತ್ವದವರು ಅಗೆದು ಹುಡುಕಿದರು, ಡಿಎನ್‌ಎ ಪರೀಕ್ಷೆ ಆಯಿತು, ಕೊನೆಗೆ 2021ರಲ್ಲಿ ಭಾರತ ಸರಕಾರ ಅದನ್ನು ಜಾರ್ಜಿಯಾಕ್ಕೆ ಕೊಟ್ಟಿತು.

ಪಣಜಿಯಲ್ಲಿ ಹೆಚ್ಚು ಹೊತ್ತು ಬೇಡ. ಹಳೆಯ ಸೆಕ್ರೆಟೇರಿಯಟ್ ಪಕ್ಕದಲ್ಲಿ, ಬೀಳುತ್ತಿರುವ ಹೆಂಗಸಿನ ಮೇಲೆ ಎರಡೂ ಕೈ ಚಾಚಿ ನಿಂತ ವಿಚಿತ್ರ ಮೂರ್ತಿಯೊಂದಿದೆ. ಮಕ್ಕಳು ಹೆದರಿಕೊಂಡೇ ನೋಡುತ್ತಾರೆ. ಅವನು ಮಂತ್ರವಾದಿಯಲ್ಲ, ಅಬ್ಬೆ ಫರಿಯಾ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ. ಲಿಸ್ಬನ್, ರೋಮ್, ಪ್ಯಾರಿಸ್ ಅಂತ ಹೋಗಿ, ಹಿಪ್ನಾಟಿಸಂನಲ್ಲಿ ಯಾವ ಅಯಸ್ಕಾಂತದ ಶಕ್ತಿಯೂ ಇಲ್ಲ, ಎಲ್ಲ ಮಲಗಿದವನ ಮನಸ್ಸಿನ ಕೆಲಸ ಅಂತ ಯುರೋಪಿನವರಿಗೆ ಹೇಳಿದವನು. ಅಲ್ಲಿಂದ ಫೊಂತೈನ್ಯಾಸ್ ಓಣಿಗಳಿಗೆ ನಡೆದೇ ಹೋಗಬಹುದು. ಹಳದಿ, ನೀಲಿ, ಕೆಂಪು ಗೋಡೆಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಪೂರ್ತಿ ಬಿಳಿ ಬಣ್ಣ ಚರ್ಚಿಗೆ ಮೀಸಲಿತ್ತು, ಮನೆಗಳು ಬಣ್ಣ ಬಳಿದುಕೊಳ್ಳಬೇಕಿತ್ತು ಅನ್ನುತ್ತಾರೆ. ನಾನು ನೋಡಿ ಅನ್ನುವುದು ಕಿಟಕಿಗಳನ್ನು. ಹಳೆಯ ಮನೆಗಳ ಕಿಟಕಿಯಲ್ಲಿ ಗಾಜಿನ ಬದಲು ಅಂಗೈಗಿಂತ ಸಣ್ಣ ಚೌಕಗಳು ಸಾಲಾಗಿ ಕೂತಿರುತ್ತವೆ. ಅವು ಹೊಳೆಬಾಯಿಯಲ್ಲಿ ಸಿಗುವ ಚಪ್ಪಟೆ ಚಿಪ್ಪು. ಅಂಚು ಕತ್ತರಿಸಿ ಮರದ ಪಟ್ಟಿಯ ಸೀಳಿನಲ್ಲಿ ಸಿಕ್ಕಿಸುತ್ತಿದ್ದರು. ಬೆರಳಿನಿಂದ ಮುಟ್ಟಿದರೆ ಪದರ ಪದರವಾಗಿ, ಅಭ್ರಕ ಮುಟ್ಟಿದ ಹಾಗಿರುತ್ತದೆ. ಬೆಳಕು ಒಳಗೆ ಬರುತ್ತದೆ, ಬಿಸಿಲಿನ ಝಳ ಬರುವುದಿಲ್ಲ. ಹೊರಗಿನವರಿಗೆ ಒಳಗಿನದ್ದು ಕಾಣುವುದಿಲ್ಲ. ಆದರೆ ಅವು ಜನ ವಾಸ ಇರುವ ಮನೆಗಳು. ಕಿಟಕಿ ಮುಟ್ಟುವ ಮೊದಲು ಕೇಳಿ.

ದೋನಾ ಪಾವ್ಲಾದಲ್ಲಿ ಗೈಡ್ ಒಬ್ಬ ಖಂಡಿತ ಒಂದು ಕಥೆ ಹೇಳುತ್ತಾನೆ. ಬೆಸ್ತರ ಹುಡುಗನನ್ನು ಪ್ರೀತಿಸಿದ ದೋನಾ ಪಾವ್ಲಾ ಅನ್ನುವ ಹುಡುಗಿ ಬಂಡೆಯಿಂದ ಹಾರಿದಳು, ಈ ಮೂರ್ತಿ ಅವರದ್ದೇ ಅಂತ. ಮೂರ್ತಿ ಅವರದ್ದಲ್ಲ. ಜರ್ಮನಿಯ ಕಲಾವಿದೆಯೊಬ್ಬರು 1969ರಲ್ಲಿ ಮಾಡಿದ ‘ಇಮೇಜ್ ಆಫ್ ಇಂಡಿಯಾ’ ಅದು. ದೋನಾ ಪಾವ್ಲಾ ಅನ್ನುವವಳು ಇದ್ದದ್ದು ನಿಜ. ಗಂಡನ ಜೊತೆ ಸಂಸಾರ ಮಾಡಿ 1682ರಲ್ಲಿ ತೀರಿಕೊಂಡಳು. ಕಥೆ ಕೇಳಿ ನಕ್ಕು ಮುಂದೆ ಹೋಗಿ.

ಅಪ್ಪ ಅಮ್ಮನಿಗೆ ಖುಷಿ ಆಗುವ ದಿನ ಫೋಂಡಾದ್ದು. ಗೋವಾದ ದೊಡ್ಡ ದೇವಸ್ಥಾನಗಳೆಲ್ಲ ಯಾಕೆ ಸಮುದ್ರದಿಂದ ದೂರ, ಇದೊಂದೇ ತಾಲೂಕಿನ ಅಡಿಕೆ ತೋಟಗಳ ನಡುವೆ ಗುಂಪಾಗಿವೆ? 16ನೇ ಶತಮಾನದಲ್ಲಿ ಪೋರ್ಚುಗೀಸರ ಕೈಯಲ್ಲಿದ್ದದ್ದು ತಿಸವಾಡಿ, ಬಾರ್ದೇಸ್, ಸಾಸಷ್ಟಿ, ಇಷ್ಟೇ. ಅಲ್ಲಿ ಗುಡಿಗಳನ್ನು ಒಡೆಯಲು ಶುರು ಮಾಡಿದಾಗ ಜನ ವಿಗ್ರಹಗಳನ್ನು ಪಲ್ಲಕ್ಕಿಯಲ್ಲಿಟ್ಟು ಹೊಳೆ ದಾಟಿಸಿದರು. 1560ರಲ್ಲಿ ಕುಶಸ್ಥಳಿಯ ಮಂಗೇಶ ಜುವಾರಿ ದಾಟಿ ಪ್ರಿಯೋಳಕ್ಕೆ ಬಂದ. ಕೆಳೋಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ ಬಂದಳು. ಹೊಳೆಯ ಆಚೆ ದಡ ಆಗ ಯಾರದ್ದಿತ್ತು? ಬಿಜಾಪುರದ ಆದಿಲಶಾಹಿಗಳದ್ದು. ಓಲ್ಡ್ ಗೋವಾದ ಕಮಾನಿನ ಮೇಲೆ ಕಾಲ ಕೆಳಗೆ ಬಿದ್ದವನನ್ನು ನೋಡಿದಿರಲ್ಲ, ಅವನ ಸೀಮೆಯಲ್ಲೇ ಈ ದೇವರುಗಳಿಗೆ ಆಸರೆ ಸಿಕ್ಕಿತು.

ಕೆಲವು ಕುಟುಂಬಗಳು ಫೋಂಡಾದಲ್ಲಿ ನಿಲ್ಲದೆ ಇನ್ನೂ ದಕ್ಷಿಣಕ್ಕೆ ಹೋದವು. ಕಾರವಾರ, ಅಂಕೋಲಾ, ಕುಮಟಾ, ಮಂಗಳೂರಿನ ಕೊಂಕಣಿಗರಲ್ಲಿ ಎಷ್ಟೋ ಮನೆಗಳ ಕುಲದೇವರು ಇವತ್ತಿಗೂ ಗೋವಾದಲ್ಲೇ. ಮಂಗೇಶಿಯ ಮುಂದೆ ಕೆಎ ನಂಬರಿನ ಗಾಡಿಗಳು ಜಾಸ್ತಿ ಕಂಡರೆ ಅವರೆಲ್ಲ ಸುಮ್ನೆ ಟೂರಿಗೆ ಬಂದವರು ಅಂದುಕೊಳ್ಳಬೇಡಿ. ಲತಾ ಮಂಗೇಶ್ಕರ್ ಅವರ ಮನೆತನದ ಹೆಸರೂ ಈ ಊರಿನದ್ದೇ.

ಈ ಗುಡಿಗಳ ಕಟ್ಟಡ ಸ್ವಲ್ಪ ಗಮನಿಸಿ. ನಮ್ಮ ಕಡೆಯ ಹಾಗೆ ಶಿಖರ ಇಲ್ಲ, ಗುಮ್ಮಟ ಇದೆ. ಗೋಡೆಯ ಕಿಟಕಿಗಳ ಕಮಾನು ಚರ್ಚನ್ನು ನೆನಪಿಸುತ್ತದೆ. ಒಳಗೆ ಗಾಜಿನ ತೂಗುದೀಪ. ಅಂಗಳದಲ್ಲಿ ಏಳು ಅಂತಸ್ತಿನ ಬಿಳಿ ದೀಪಸ್ತಂಭ. ಈಗಿನ ಕಟ್ಟಡಗಳು ಬಹುತೇಕ 18ನೇ ಶತಮಾನದಿಂದ ಈಚಿನವು. ಮರಾಠರ ಆಸರೆ ಇತ್ತು, ಕಟ್ಟಿದ ಕೈಗಳಿಗೆ ಚರ್ಚು, ಮಸೀದಿ ಎರಡೂ ಗೊತ್ತಿದ್ದವು. ಮಾರ್ದೋಳದಲ್ಲಿ ಎತ್ತರದ ಹಿತ್ತಾಳೆ ದೀಪಸ್ತಂಭವೊಂದಿದೆ. ಅದರ ಬುಡದಲ್ಲಿ ಆಮೆ ಇದೆ. ಮಗಳಿಗೆ ತೋರಿಸಿ.

ಬಾಂದಿವಡೆಯ ನಾಗೇಶಿಗೆ ಮಾತ್ರ ನಮ್ಮ ಪ್ರಶ್ನೆ ಹೊಂದುವುದಿಲ್ಲ. ಅವನು ಮೊದಲಿಂದಲೂ ಅಲ್ಲೇ ಇದ್ದಾನೆ. ವಿಜಯನಗರದ ದೇವರಾಯನ ಕಾಲದ, 1413ರ ಶಾಸನ ಅಲ್ಲಿದೆ. ಆದರೆ ಅದೇ ಊರಿಗೆ ನಮ್ಮ ಕಡೆಯಿಂದ ಒಬ್ಬ ರಾಜ ವಲಸೆ ಬಂದಿದ್ದ. ಶಿರಸಿ ಹತ್ತಿರದ ಸೋದೆಯ ಅರಸ. ಈಗಿನ ದಕ್ಷಿಣ ಗೋವಾದ ಕೆಲವು ಭಾಗ ಅವನ ಕೈಯಲ್ಲಿತ್ತು. 1763-64ರಲ್ಲಿ ಹೈದರಾಲಿ ಸೋದೆಗೆ ನುಗ್ಗಿದಾಗ ಅರಸ ಪೋರ್ಚುಗೀಸರ ಆಸರೆಗೆ ಬಂದ. ಅವನ ವಂಶದವರು ‘ಸೌಂದೇಕರ್’ ಅನ್ನಿಸಿಕೊಂಡು ಬಾಂದಿವಡೆಯಲ್ಲೇ ಉಳಿದರು. ಕಾಣಕೋಣ ಕಡೆ ಹೋದರೆ ಕಾಬೊ ದ ರಾಮ ಕೋಟೆಗೆ ಎಲ್ಲರೂ ಸೂರ್ಯಾಸ್ತ ನೋಡಲು ಹೋಗುತ್ತಾರೆ. ಅದು ಪೋರ್ಚುಗೀಸರಿಗೆ ಸಿಕ್ಕಿದ್ದು ಇದೇ ಗಲಾಟೆಯಲ್ಲಿ, ಇದೇ ಸೋದೆಯವರಿಂದ.

ನಾರ್ವೆಯ ಸಪ್ತಕೋಟೇಶ್ವರ ಫೋಂಡಾದಲ್ಲಿಲ್ಲ, ಡಿಚೋಲಿ ಕಡೆ ಇದೆ. ಸಮಯ ಇದ್ದರೆ ಬಿಡಬೇಡಿ. ಗೋವೆಯ ಕದಂಬರ ಮನೆದೇವರು ಇವನೇ. ಅವರ ಚಿನ್ನದ ನಾಣ್ಯಗಳ ಮೇಲೆ ಇವನ ಹೆಸರು, ಜೊತೆಗೆ ಸಿಂಹ. ಮೂಲ ಗುಡಿ ಇದ್ದದ್ದು ಎದುರಿನ ದಿವಾರ್ ದ್ವೀಪದಲ್ಲಿ. ಅದು ನಾಶವಾದ ಮೇಲೆ ಲಿಂಗ ಹೊಳೆಯ ಈಚೆಗೆ ಬಂತು. 1668ರಲ್ಲಿ ಶಿವಾಜಿ ಈ ಗುಡಿಯನ್ನು ಮತ್ತೆ ಕಟ್ಟಲು ಅಪ್ಪಣೆ ಕೊಟ್ಟ. 2023ರಲ್ಲಿ ಗೋವಾ ಸರಕಾರ ಜೀರ್ಣೋದ್ಧಾರ ಮಾಡಿಸಿದೆ. ಓಲ್ಡ್ ಗೋವಾದಿಂದ ದಿವಾರ್‌ಗೆ ಫೆರಿಯಲ್ಲಿ ದಾಟಿದರೆ ಗದ್ದೆಗಳ ಸುತ್ತ ಮಣ್ಣಿನ ಒಡ್ಡು, ಅಲ್ಲಲ್ಲಿ ಮರದ ತೂಬು ಕಾಣುತ್ತವೆ. ಉಬ್ಬರ ಬಂದಾಗ ಉಪ್ಪುನೀರು ಒಳಗೆ ಬಾರದಂತೆ ತೂಬಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಇಂಥ ಗದ್ದೆಗೆ ಖಾಜನ್ ಅನ್ನುತ್ತಾರೆ. ನಮ್ಮ ಅಘನಾಶಿನಿ ದಂಡೆಯ ಗಜನಿ ಗದ್ದೆಗಳೂ ಹೀಗೇ. ಅಲ್ಲಿ ಕೊರ್ಗುಟ್ ಭತ್ತ, ನಮ್ಮಲ್ಲಿ ಕಗ್ಗ. ಎರಡೂ ಉಪ್ಪು ತಡೆದುಕೊಳ್ಳುವ ತಳಿಗಳು.

ಬೀಚುಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನಿಮಗೇ ಗೊತ್ತು. ಮಳೆಗಾಲದ ಅಲೆ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರ ನೀರಿನಡಿ ಗುಡ್ಡೆ ಹಾಕುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ವಾಪಸ್ ತಂದು ಹರಡುತ್ತವೆ. ಡಿಸೆಂಬರ್‌ನಲ್ಲಿ ಬೀಚು ಅಗಲವಾಗಿ ಕಾಣುವುದು ಇದಕ್ಕೇ. ಈ ಲೆಕ್ಕ ಕೆಟ್ಟರೆ ಏನಾಗುತ್ತದೆ ಅಂತ ಕಾಂದೋಳಿಯವರಿಗೆ ಗೊತ್ತು. 2000ದಲ್ಲಿ ‘ರಿವರ್ ಪ್ರಿನ್ಸೆಸ್’ ಅನ್ನುವ ಹಡಗು ದಂಡೆಗೆ ಬಂದು ಸಿಕ್ಕಿಕೊಂಡಿತು. ತೆಗೆದು ಮುಗಿಸುವ ಹೊತ್ತಿಗೆ 2012. ಅಷ್ಟು ವರ್ಷ ಅಲೆಗೆ ಅಡ್ಡ ನಿಂತು ಆಸುಪಾಸಿನ ಮರಳು ಕೊಚ್ಚಿಹೋಯಿತು. ಗಲಾಟೆ ಬೇಡ ಅಂದರೆ ದಕ್ಷಿಣದ ಅಗೋಂದ ಅಥವಾ ಗಾಲ್ಜಿಬಾಗ್‌ಗೆ ಹೋಗಿ. ಅಲ್ಲಿ ಮತ್ತು ಉತ್ತರದ ಮೊರ್ಜಿಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದಲ್ಲಿ ಮೊಟ್ಟೆ ಇಡುತ್ತವೆ. ತಾವು ಹುಟ್ಟಿದ ದಂಡೆಯ ಕಡೆಗೇ ಹುಡುಕಿಕೊಂಡು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಹಾಕಿರುತ್ತಾರೆ. ರಾತ್ರಿ ಹೊತ್ತು ಟಾರ್ಚು, ಮೊಬೈಲ್ ಬೆಳಕು ಬಿಡಬೇಡಿ.

ಆಗ್ವಾದ ಕೋಟೆಗೆ ಹೋದರೆ ಲೈಟ್‌ಹೌಸಿನ ಫೋಟೊ ಸಾಕು ಅನ್ನಬೇಡಿ. ನೀವು ನಿಂತ ಆ ದೊಡ್ಡ ಅಂಗಳದ ಕೆಳಗೇ ಭಾರಿ ನೀರಿನ ತೊಟ್ಟಿ ಇದೆ. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಬಂದ ಹಡಗುಗಳು ಸಿಹಿನೀರು ತುಂಬಿಕೊಳ್ಳುತ್ತಿದ್ದದ್ದು ಇಲ್ಲಿಂದಲೇ. ಕೆಳಗಿನ ಕೋಟೆಯ ಭಾಗ ಜೈಲಾಗಿತ್ತು. 1946ರಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಅಲ್ಲೇ ಇಟ್ಟಿದ್ದರು. ಈಗ ಅದು ಮ್ಯೂಸಿಯಂ.

ಇನ್ನು ದೂಧಸಾಗರ. ಎತ್ತರ 310 ಮೀಟರ್, ನಾಲ್ಕು ಹಂತ. ಬೀಳುವ ನೀರು ಕೊನೆಗೆ ಮಾಂಡವಿ ಸೇರುತ್ತದೆ. ಆ ಮಾಂಡವಿ ಹುಟ್ಟುವುದು ನಮ್ಮ ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿ. ಅಲ್ಲಿ ಅವಳು ಮಹದಾಯಿ. ಹುಬ್ಬಳ್ಳಿಯವರಿಗೆ ಆ ಹೆಸರಿನ ಬಗ್ಗೆ ನಾನೇನು ಹೇಳಬೇಕಾಗಿಲ್ಲ. ಫೋಟೊಗಳಲ್ಲಿ ಜಲಪಾತದ ಎದೆಗೆ ಅಡ್ಡವಾಗಿ ಕಾಣುವ ರೈಲು ಸೇತುವೆ ಎರಡು ಸರಕಾರಗಳ ಒಪ್ಪಂದದ ಫಲ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಕೈಕುಲುಕಿ, ಮುಂದಿನ ಹತ್ತು ವರ್ಷದಲ್ಲಿ ಮುರ್ಮುಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹತ್ತಿಸಿದರು. ಏರು ಎಷ್ಟು ಕಡಿದು ಅಂದರೆ ಇವತ್ತಿಗೂ ರೈಲಿನ ಹಿಂದೆ ತಳ್ಳುವ ಎಂಜಿನ್ ಹಾಕಬೇಕು. ಮೇಲಿನ ಕ್ಯಾಸಲ್‌ರಾಕ್ ಆಗ ಬ್ರಿಟಿಷ್ ಇಂಡಿಯಾದ ಗಡಿ ಸ್ಟೇಷನ್. ಹಳಿಯ ಮೇಲೆ ನಡೆದು ಹೋಗುವುದನ್ನು ರೈಲ್ವೆ ನಿಷೇಧಿಸಿದೆ. ಯಾರೋ ವಿಡಿಯೊ ಹಾಕಿದ್ದಾರೆ ಅಂತ ನೀವು ಹೋಗಬೇಡಿ. ಕುಳೆಂನಿಂದ ಜೀಪಿನಲ್ಲಿ ಜಲಪಾತದ ಬುಡಕ್ಕೆ ಹೋಗುವುದೇ ಸರಿಯಾದ ದಾರಿ. ಮಳೆಗಾಲದಲ್ಲಿ ಜೀಪು ಇರುವುದಿಲ್ಲ, ಡಿಸೆಂಬರ್‌ನಲ್ಲಿ ಇರುತ್ತದೆ.

ಮೂರು ದಿನ ಹೀಗೆ ಹಂಚಿಕೊಳ್ಳಿ. ಮೊದಲ ದಿನ ಓಲ್ಡ್ ಗೋವಾ, ಸಂಜೆ ಪಣಜಿ. ಎರಡನೇ ದಿನ ಬೆಳಿಗ್ಗೆ ಫೋಂಡಾದ ಗುಡಿಗಳು, ಮಧ್ಯಾಹ್ನದ ನಂತರ ಬೀಚು. ಗುಡಿಗಳಲ್ಲಿ ಬಟ್ಟೆಯ ನಿಯಮ ಇದೆ, ಬೀಚಿನ ಚಡ್ಡಿಯನ್ನು ಗಾಡಿಯಲ್ಲೇ ಇಡಿ. ಡಿಸೆಂಬರ್ 3 ಝೇವಿಯರ್ ಹಬ್ಬ. ಆ ದಿನವೂ ಅದಕ್ಕೆ ಮುಂಚಿನ ಒಂಬತ್ತು ದಿನವೂ ಓಲ್ಡ್ ಗೋವಾದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 8ರಂದು ಪಣಜಿ ಚರ್ಚಿನ ಹಬ್ಬ. ಕ್ರಿಸ್‌ಮಸ್ ಹತ್ತಿರ ಬಂದರೆ ರೂಮಿನ ಬಾಡಿಗೆ ಮೇಲೇರುತ್ತದೆ. ನನ್ನ ಪ್ರಕಾರ 9ರಿಂದ 18ರ ನಡುವೆ ಹೋಗುವುದು ಒಳ್ಳೆಯದು.

ಮೂರನೇ ದಿನ ಅನಮೋಡ ಘಟ್ಟದ ದಾರಿಯಲ್ಲಿ ವಾಪಸ್ ಬನ್ನಿ. ಹೊರಡುವ ಮುಂಚೆ ರಸ್ತೆ ಹೇಗಿದೆ ಅಂತ ಒಮ್ಮೆ ವಿಚಾರಿಸಿಕೊಳ್ಳಿ. ದಾರಿಯಲ್ಲಿ ಮೊಲೆಂ ಕಡೆಯಿಂದ ಒಳಗೆ ತಿರುಗಿದರೆ ಕಾಡಿನ ನಡುವೆ ತಾಂಬಡಿ ಸುರ್ಲಾದ ಮಹಾದೇವ ಗುಡಿ ಇದೆ. ಕದಂಬರ ಕಾಲದ, ಸುಮಾರು 12ನೇ ಶತಮಾನದ ಗುಡಿ. ಅವರು ಕಟ್ಟಿದ್ದರಲ್ಲಿ ಗೋವಾದಲ್ಲಿ ಪೂರ್ತಿಯಾಗಿ ಉಳಿದದ್ದು ಇದೊಂದೇ. ಅಷ್ಟು ಒಳಗಿದ್ದದ್ದಕ್ಕೇ ಉಳಿಯಿತು. ಸಣ್ಣ ಗುಡಿ, ಕಪ್ಪು ಕಲ್ಲು, ಗಾರೆ ಇಲ್ಲದ ಜೋಡಣೆ. ಮಂಟಪದ ಕಂಬಗಳಲ್ಲಿ ಒಂದರ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿದೆ, ಹುಡುಕಬೇಕು. ತಲೆ ಎತ್ತಿದರೆ ಚಾವಣಿಯಲ್ಲಿ ಕಮಲ. ಸುತ್ತ ಎಲ್ಲಿ ನೋಡಿದರೂ ಕೆಂಪು ಮಣ್ಣು, ಚಿರೆಕಲ್ಲು. ಗುಡಿಯ ಕಲ್ಲು ಮಾತ್ರ ಘಟ್ಟದ ಮೇಲಿಂದ ಇಳಿಸಿ ತಂದದ್ದು ಅನ್ನುತ್ತಾರೆ. ದೂಧಸಾಗರ ಮತ್ತು ಸುರ್ಲಾ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳುವುದಾದರೆ ಕುಳೆಂಗೆ ಬೆಳಿಗ್ಗೆ ಬೇಗ ಮುಟ್ಟಿ, ಜೀಪಿನ ಸರದಿ ಉದ್ದ ಇರುತ್ತದೆ. ವಯಸ್ಸಾದವರಿಗೆ ಆ ಜೀಪಿನ ಕುಲುಕಾಟ ಕಷ್ಟ. ಎರಡರಲ್ಲಿ ಒಂದೇ ಅಂದರೆ ನಿಮ್ಮ ಅಪ್ಪ ಅಮ್ಮನ ಜೊತೆ ಸುರ್ಲಾಕ್ಕೆ ಹೋಗಿ. ಗುಡಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ಊಟ ಕಟ್ಟಿಕೊಂಡು ಹೋಗಿ, ಆ ಕಡೆ ಹೋಟೆಲ್ಲು ಕಡಿಮೆ.